ತೊಳೆದು ಕೊಟ್ಟ ಪಾತ್ರೆ

ನಮ್ಮ ಖಾಲಾ ಕುದುರೆಮುಖದ ಕ್ವಾರ್ಟರ್ಸ್ ಖಾಲಿ ಮಾಡಿದ ದಿನ ನಾನು ಅಲ್ಲಿದ್ದೆ. ಅದು 2006ರ ಏಪ್ರಿಲ್ ತಿಂಗಳು. ಸಾಮಾನೆಲ್ಲ ಲಾರಿಗೆ ಏರಿಯಾಗಿತ್ತು. ಖಾಲೂ ಬೀಗದ ಕೈ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದರು. ಕತ್ತಲಾಗುವ ಮೊದಲು ಮಾಳ ಘಾಟಿ ಇಳಿಯಬೇಕೆಂಬ ಅವಸರದಲ್ಲಿ ಲಾರಿಯ ಡ್ರೈವರ್ ಎರಡು ಸಲ ಹಾರ್ನ್ ಹಾಕಿದ. ಆದರೂ ಖಾಲಾ ಒಳಗಿನಿಂದ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಅವರು ಸೀರೆಯನ್ನು ಎತ್ತಿ ಕಟ್ಟಿ, ತೆಂಗಿನ ನಾರು ಹಿಡಿದು ಅಡುಗೆಮನೆಯ ನೆಲ ತಿಕ್ಕುತ್ತಿದ್ದರು. ಇಪ್ಪತ್ತಮೂರು ವರ್ಷಗಳ ಎಣ್ಣೆ ಜಿಡ್ಡು ಹಿಡಿದಿದ್ದ ಮೂಲೆ ಅದು.

"ಯಾರಿಗಾಗಿ ಖಾಲಾ? ನಾಳೆಯಿಂದ ಈ ಮನೆಯಲ್ಲಿ ಯಾರೂ ಇರುವುದಿಲ್ಲವಲ್ಲ?" ಎಂದೆ.

ಅವರು ತಲೆ ಎತ್ತದೆಯೇ ಹೇಳಿದರು: "ಪಕ್ಕದ ಮನೆಯವರ ಪಾತ್ರೆಯನ್ನು ತೊಳೆಯದೆ ಕೊಡುತ್ತೇವಾ ಬೇಟಿ?"

ಆ ಮಾತು ಅಂದು ನನಗೆ ಒಂದು ಮುಗ್ಧ ಹಠದಂತೆ ಕಂಡಿತ್ತು. ಆಮೇಲೆ ವರ್ಷಗಳು ಕಳೆದಂತೆ ಅದು ನನ್ನೊಳಗೆ ಒಂದು ಪ್ರಶ್ನೆಯಾಗಿ ಬೆಳೆಯಿತು. ಮನೆ ಎಂದರೆ ನಮ್ಮದೋ, ಕೈಗಡ ತಂದ ಪಾತ್ರೆಯೋ? ಕೈಗಡದ್ದೇ ಆದರೆ ಅದನ್ನು ಹಿಂದಿರುಗಿಸುವಾಗ ಯಾರು ಯಾರಿಗೆ ಏನನ್ನು ಕೊಡಬೇಕು? ಬೆಟ್ಟವನ್ನು ಕೊರೆದು ಕಟ್ಟಿದ ಊರೊಂದರಲ್ಲಿ ಹುಟ್ಟಿ ಬೆಳೆದವರಿಗೆ ಆ ಊರು ಹೋಯಿತೆಂದು ಅಳುವ ಹಕ್ಕಿದೆಯೇ?

ನಾವು ಉಳ್ಳಾಲದವರು. ಮನೆಯೊಳಗೆ ಉರ್ದು, ಬೀದಿಯಲ್ಲಿ ಬ್ಯಾರಿ ಮತ್ತು ತುಳು, ಶಾಲೆಯಲ್ಲಿ ಮೊದಲು ಉರ್ದು, ಆಮೇಲೆ ಕನ್ನಡ. ಅಮ್ಮಿ ಮತ್ತು ಖಾಲಾ ಹುಟ್ಟಿದ್ದು ಕೈಕೋ ಕಡೆಯ ಕಡಲ ದಂಡೆಯ ಒಂದು ಹಂಚಿನ ಮನೆಯಲ್ಲಿ. ಅಕ್ಕತಂಗಿಯರಿಬ್ಬರೂ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ ಬೆಳೆದವರು. ಕುಡಿಯುವ ನೀರಿಗೆ ಬಾವಿಕಟ್ಟೆ, ರಾತ್ರಿಗೆ ಚಿಮಣಿ ದೀಪ, ಮಳೆಗಾಲದಲ್ಲಿ ಅಂಗಳದವರೆಗೆ ಬರುವ ಕಡಲು. 1983ರಲ್ಲಿ ಖಾಲಾ ಮದುವೆಯಾಗಿ ಬೆಟ್ಟ ಹತ್ತಿದಾಗ ಅವರಿಗೆ ಸಿಕ್ಕಿದ್ದು ನಲ್ಲಿ ತಿರುಗಿಸಿದರೆ ನೀರು ಬರುವ, ಗುಂಡಿ ಒತ್ತಿದರೆ ದೀಪ ಉರಿಯುವ ಎರಡು ಕೋಣೆಯ ಮನೆ. "ನಾನು ಮೊದಲ ವಾರವೆಲ್ಲ ಸುಮ್ಮನೆ ನಲ್ಲಿ ತಿರುಗಿಸಿ ನೋಡುತ್ತಿದ್ದೆ" ಎಂದು ಅವರು ಈಗಲೂ ನಗುತ್ತಾರೆ.

ಖಾಲೂ ಗಣಿಯಲ್ಲಿ ಡಂಪರ್ ರಿಪೇರಿಯ ಮೆಕ್ಯಾನಿಕ್. ಅವರ ಮೂಲ ಭದ್ರಾವತಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಅವರ ತಂದೆ ದುಡಿದಿದ್ದರು. ಆ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಬರುತ್ತಿತ್ತು. ಹೀಗಾಗಿ ಬೆಟ್ಟದ ಕಬ್ಬಿಣ ತಿಂದೇ ಎರಡು ತಲೆಮಾರು ಬೆಳೆದ ಕುಟುಂಬ ಅದು. ಖಾಲೂ ಈಜು ಕಲಿತದ್ದು ಭದ್ರಾ ನದಿಯಲ್ಲಿ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕುದುರೆಮುಖದಲ್ಲಿ ಕಬ್ಬಿಣದ ಅದಿರಿದೆ ಎಂಬುದನ್ನು 1913ರಲ್ಲಿ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. ಅದಕ್ಕೆ ಗುದ್ದಲಿ ಬೀಳಲು ಮತ್ತೆ ಅರವತ್ತು ವರ್ಷ ಬೇಕಾಯಿತು. 1969ರಲ್ಲಿ ಮೂವತ್ತು ವರ್ಷಗಳ ಗಣಿ ಗುತ್ತಿಗೆ ಆರಂಭವಾಯಿತು. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಅದಿರನ್ನು ಕೊಳ್ಳಲು, ಅದಕ್ಕಾಗಿ ಸಾಲ ಕೊಡಲು ಒಪ್ಪಿಕೊಂಡಿದ್ದು ಶಾಹನ ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾಹ ಓಡಿಹೋದ. ಇರಾನ್ ಹಿಂದೆ ಸರಿಯಿತು. ಆದರೆ ಇಲ್ಲಿ ಬೆಟ್ಟದ ಮೇಲೆ ಊರು ಎದ್ದು ನಿಂತಾಗಿತ್ತು. 1980ರಲ್ಲಿ ಘಟಕ ಕೆಲಸ ಆರಂಭಿಸಿತು, ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಲಾಯಿತು. ಅದಿರನ್ನು ನುಣ್ಣಗೆ ಪುಡಿ ಮಾಡಿ, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಪಣಂಬೂರಿಗೆ ಹರಿಸುತ್ತಿದ್ದರು. ಅಲ್ಲಿ ನೀರು ಸೋಸಿ ಹಡಗಿಗೆ ತುಂಬುತ್ತಿದ್ದರು. 1987ರ ಹೊತ್ತಿಗೆ ಅಲ್ಲಿಯೇ ಉಂಡೆ ಕಟ್ಟುವ ಘಟಕವೂ ಬಂತು. ನಮ್ಮ ಉಳ್ಳಾಲದ ದಂಡೆಯಿಂದ ಕಾಣುತ್ತಿದ್ದ ಹಡಗುಗಳಲ್ಲಿ ಕೆಲವು ಖಾಲೂ ಕೆಲಸ ಮಾಡುತ್ತಿದ್ದ ಬೆಟ್ಟವನ್ನೇ ಹೊತ್ತು ಸಾಗುತ್ತಿದ್ದವು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ನಾವು ಅಲ್ಲಿಗೆ ಹೋಗುತ್ತಿದ್ದೆವು. ಕಾರ್ಕಳ, ಬಜಗೋಳಿ, ಮಾಳ ದಾಟಿ, ಎಸ್.ಕೆ. ಬಾರ್ಡರ್ ಎಂದು ಜನ ಈಗಲೂ ಕರೆಯುವ ಹಳೆಯ ದಕ್ಷಿಣ ಕನ್ನಡದ ಗಡಿ ದಾಟಿದರೆ ಬಸ್ಸಿನ ಕಿಟಕಿಯೊಳಗೆ ಮಂಜು ನುಗ್ಗುತ್ತಿತ್ತು. ಆ ಊರು ಬೇರೆ ಯಾವ ಊರಿನಂತೆಯೂ ಇರಲಿಲ್ಲ. ಸಾಲು ಸಾಲು ಒಂದೇ ತರಹದ ಮನೆಗಳು. ಯಾರ ಸಂಬಳ ಎಷ್ಟು ಎಂಬುದನ್ನು ಮನೆಯ ಗಾತ್ರವೇ ಹೇಳುತ್ತಿತ್ತು. ಆದರೆ ಮಳೆಗೆ ಮಾತ್ರ ದರ್ಜೆಯ ಭೇದವಿರಲಿಲ್ಲ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಸುರಿಯುವ ಜಾಗ ಅದು. ಕರಾವಳಿಯ ಮಳೆ ಕಂಡ ನಮಗೂ ಅದು ಮಳೆಯೆನಿಸದೆ, ಆಕಾಶವೇ ಜಾರಿ ಬಿದ್ದಂತೆ ತೋರುತ್ತಿತ್ತು. ಜೂನ್‌ನಲ್ಲಿ ತೊಳೆದ ದಪ್ಪ ಬಟ್ಟೆ ಆಗಸ್ಟ್‌ನಲ್ಲಿ ಒಣಗಿತು ಎಂದು ಖಾಲಾ ತಮಾಷೆ ಮಾಡುತ್ತಿದ್ದರು. ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮದುವೆಯ ಬನಾರಸಿ ಸೀರೆಗೂ ಬೂಷ್ಟು. ಒಂದು ಮನೆಯಲ್ಲಿ ಇದ್ದಿಲು ಕೆಂಡ ಮಾಡಿದರೆ ನಾಲ್ಕು ಮನೆಯ ಮಕ್ಕಳ ಬಟ್ಟೆ ಅದರ ಮೇಲೆ ಒಣಗುತ್ತಿತ್ತು.

ಆ ಊರಿನ ಇನ್ನೊಂದು ವಿಶೇಷ ನನಗೆ ಹೊಳೆದದ್ದು ಬಹಳ ತಡವಾಗಿ. ಅಲ್ಲಿ ಮುದುಕರೇ ವಿರಳವಾಗಿದ್ದರು. ನಿವೃತ್ತಿಯಾದವರು ಬೀಗದ ಕೈ ಕೊಟ್ಟು ತಮ್ಮ ತಮ್ಮ ಊರಿಗೆ ಹೋಗುತ್ತಿದ್ದರು. ಹೊಸದಾಗಿ ಮದುವೆಯಾದವರು ಬರುತ್ತಿದ್ದರು. ಅಜ್ಜಿಯರಿಲ್ಲದ ಊರಿನಲ್ಲಿ ಬಾಣಂತನ ಮಾಡುವವರು ಯಾರು? ನಮ್ಮ ಖಾಲಾನ ಮಗ 1986ರಲ್ಲಿ ಅಲ್ಲಿಯೇ ಹುಟ್ಟಿದಾಗ ಹೊರಗೆ ಜುಲೈ ತಿಂಗಳ ಮಳೆ, ಘಾಟಿಯಲ್ಲಿ ಮರ ಬಿದ್ದಿತ್ತು, ಉಳ್ಳಾಲದಿಂದ ನಾನಿ ಹೋಗಲಾಗಲಿಲ್ಲ. ಹತ್ತು ದಿನ ಮಗುವಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದ್ದು ಎದುರು ಮನೆಯ ಗೌಡರ ಹೆಂಗಸು. ಬಾಣಂತಿಗೆ ಕಾಳುಮೆಣಸಿನ ಸಾರು ತಂದುಕೊಟ್ಟದ್ದು ಪಕ್ಕದ ಮನೆಯ ಕೇರಳದ ಕ್ರೈಸ್ತ ಮಹಿಳೆ. ಆ ಸಾರಿನ ಪಾತ್ರೆಗಳು ಹಿಂದಿರುಗುವಾಗ ಖಾಲಿ ಹೋಗುತ್ತಿರಲಿಲ್ಲ. ಒಂದು ಹಿಡಿ ಸಕ್ಕರೆಯೋ, ನಾಲ್ಕು ಖರ್ಜೂರವೋ, ಏನೂ ಇಲ್ಲದಿದ್ದರೆ ಹಿತ್ತಲಿನ ಎರಡು ಹಸಿ ಮೆಣಸೋ ಅದರೊಳಗೆ ಇರುತ್ತಿತ್ತು. ಇದು ಕುದುರೆಮುಖದ ಕಾನೂನಲ್ಲ. ನಮ್ಮ ನಾಡಿನ ಎಲ್ಲ ಜಾತಿ, ಧರ್ಮದ ಹೆಂಗಸರಿಗೂ ಗೊತ್ತಿರುವ ಕಾನೂನು. ಪಾತ್ರೆ ತೊಳೆದು ಕೊಡಬೇಕು, ಖಾಲಿ ಕೊಡಬಾರದು.

ಇದು ಮನೆಯೊಳಗಿನ ಕಥೆ. ಆದರೆ ಮನೆಯ ಹೊರಗೆ ಇನ್ನೊಂದು ಲೆಕ್ಕ ನಡೆಯುತ್ತಿತ್ತು.

ಕುದುರೆಮುಖದ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ. ಅಗೆದದ್ದರಲ್ಲಿ ಹೆಚ್ಚಿನ ಭಾಗ ಬೇಡದ ಹೂಳು. ಆ ಹೂಳನ್ನು ಹಿಡಿದಿಡಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಒಂದು ಕಣಿವೆಯೇ ಹೂಳಿನಿಂದ ತುಂಬಿತು. ಅಷ್ಟಾದರೂ ಮೇಲೆ ಬರಿದಾದ ಬೆಟ್ಟದ ಮೇಲೆ ಅಂಥ ಮಳೆ ಸುರಿದರೆ ಮಣ್ಣು ಎಲ್ಲಿಗೆ ಹೋಗಬೇಕು? ಅದು ಭದ್ರೆಗೆ ಹೋಯಿತು. ಕೆಳಗಿನ ಊರುಗಳ ರೈತರು ಮಳೆಗಾಲದ ಕೆಂಪು ನೀರನ್ನು, ಗದ್ದೆಗೆ ಬಂದು ಕೂರುವ ಹೂಳನ್ನು ತೋರಿಸಿ ದೂರುತ್ತಲೇ ಇದ್ದರು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಸಿಂಗಳೀಕಗಳು ಉಳಿದುಕೊಂಡಿದ್ದ ಕೆಲವೇ ಕಾಡುಗಳಲ್ಲಿ ಇದೂ ಒಂದು. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಮೊದಲ ಸಲ ಘೋಷಿಸಲಾಯಿತು, 2001ರಲ್ಲಿ ಅಂತಿಮ ಅಧಿಸೂಚನೆ ಬಂತು. ಮೂವತ್ತು ವರ್ಷಗಳ ಗುತ್ತಿಗೆ 1999ರ ಜುಲೈನಲ್ಲೇ ಮುಗಿದಿತ್ತು. ಆಮೇಲಿನದು ತಾತ್ಕಾಲಿಕ ಅನುಮತಿಯ ಬದುಕು. ಜನರ ಹೋರಾಟ, ವನ್ಯಜೀವಿ ಕಾರ್ಯಕರ್ತ ಕೆ.ಎಂ. ಚಿಣ್ಣಪ್ಪನವರ ಅರ್ಜಿ, ಇವೆಲ್ಲದರ ಕೊನೆಗೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2005ರ ಕೊನೆಯ ದಿನದೊಂದಿಗೆ ಗಣಿಗಾರಿಕೆ ನಿಂತಿತು.

ತೀರ್ಪು ಬಂದ ದಿನದ ಸುದ್ದಿ ನೋಡಿ ಖಾಲೂ ಬಹಳ ಹೊತ್ತು ಸುಮ್ಮನಿದ್ದು, "ತೀರ್ಪು ತಪ್ಪಲ್ಲ" ಎಂದರಂತೆ. ಖಾಲಾ ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಜಗಳವೇ ಆಯಿತು. "ನಿಮ್ಮ ಮಗ ಹುಟ್ಟಿದ ಊರು ಇದು. ಇದನ್ನು ಮುಚ್ಚುವುದು ತಪ್ಪಲ್ಲ ಅನ್ನುತ್ತೀರಲ್ಲ?" ಎಂದು ಖಾಲಾ. "ನಾನು ಈಜಿದ ಹೊಳೆ ಅದು. ಮಳೆಗಾಲಕ್ಕೆ ನಮ್ಮ ಊರಿಗೆ ಹೋದಾಗ ಅದರ ಬಣ್ಣ ನೋಡಿದ್ದೇನೆ" ಎಂದು ಖಾಲೂ. ಒಂದೇ ಸೂರಿನ ಕೆಳಗೆ, ಒಂದೇ ಸಂಬಳದಲ್ಲಿ ಉಂಡ ಇಬ್ಬರ ನಡುವಿನ ಜಗಳ ಅದು. ಕೋರ್ಟಿನಲ್ಲಿ ವಕೀಲರು ವಾದಿಸಿದ್ದನ್ನು ಇವರಿಬ್ಬರು ಅಡುಗೆಮನೆಯಲ್ಲಿ ವಾದಿಸಿದರು. ಅಲ್ಲಿ ನ್ಯಾಯಾಧೀಶರಿರಲಿಲ್ಲ, ಅಷ್ಟೇ.

ಈ ವಿಷಯವನ್ನು ನಾನು ಗೆಳೆಯರ ನಡುವೆ ಎತ್ತಿದಾಗಲೆಲ್ಲ ಎರಡು ಬಗೆಯ ಉತ್ತರ ಬಂದಿದೆ. ಒಬ್ಬರು ಹೇಳುತ್ತಾರೆ: "ಕ್ವಾರ್ಟರ್ಸ್ ಎಂದರೆ ಮನೆಯಲ್ಲ. ಅದು ಸಂಬಳದ ಒಂದು ಭಾಗ. ಕೆಲಸ ಮುಗಿದರೆ ಮನೆಯೂ ಮುಗಿಯಿತು. ಅದಕ್ಕೆ ಅಳುವುದೇಕೆ?" ಇನ್ನೊಬ್ಬರು ಇನ್ನೂ ಕಟುವಾಗಿ ಹೇಳುತ್ತಾರೆ: "ಬೆಟ್ಟದ ಗಾಯದ ಮೇಲೆ ಕಟ್ಟಿದ ಊರು ಅದು. ಅಲ್ಲಿ ಸುಖಪಟ್ಟವರು ಈಗ ಅತ್ತರೆ ಯಾರು ಕೇಳಬೇಕು?"

ಮೊದಲನೆಯ ಉತ್ತರವನ್ನು ನೋಡೋಣ. ಉರ್ದುವಿನಲ್ಲಿ ಎರಡು ಶಬ್ದಗಳಿವೆ. ಮಕಾನ್ ಎಂದರೆ ಮನೆ, ಮಕೀನ್ ಎಂದರೆ ಅದರಲ್ಲಿ ನೆಲೆಸಿದವರು. ಎರಡೂ ಒಂದೇ ಬೇರಿನ ಮಾತುಗಳಂತೆ ಕಿವಿಗೆ ಬೀಳುತ್ತವೆ. ಕಲ್ಲು ಸಿಮೆಂಟು ಕಂಪೆನಿಯದು ನಿಜ. ಆದರೆ ಬೂಷ್ಟು ಹಿಡಿದ ಗೋಡೆಯನ್ನು ಪ್ರತಿ ಸೆಪ್ಟೆಂಬರ್‌ನಲ್ಲಿ ತಿಕ್ಕಿ ತೆಗೆದವರು ಯಾರು? ಹಿತ್ತಲಿನಲ್ಲಿ ಬಸಳೆ ಚಪ್ಪರ ಹಾಕಿದವರು ಯಾರು? ಮನೆ ಹಂಚಿಕೆಯ ಕಾಗದದಲ್ಲಿ ಖಾಲೂನ ಹೆಸರಿತ್ತು, ಖಾಲಾನ ಹೆಸರು ಎಲ್ಲೂ ಇರಲಿಲ್ಲ. ಆದರೂ ಆ ಎರಡು ಕೋಣೆಗಳನ್ನು ಮನೆ ಮಾಡಿದ್ದು ಅವರ ಇಪ್ಪತ್ತಮೂರು ವರ್ಷಗಳ ಸಂಬಳವಿಲ್ಲದ ದುಡಿಮೆ. ಗೋಡೆಯ ಒಡೆತನ ಬೇರೆ, ಮನೆಯ ಒಡೆತನ ಬೇರೆ. ಮೊದಲನೆಯದನ್ನು ಕಾಗದ ಕೊಡುತ್ತದೆ, ಕಾಗದ ಕಿತ್ತುಕೊಳ್ಳುತ್ತದೆ. ಎರಡನೆಯದನ್ನು ಕಾಗದ ಕೊಡುವುದೂ ಇಲ್ಲ, ಕಿತ್ತುಕೊಳ್ಳಲು ಅದಕ್ಕೆ ಸಾಧ್ಯವೂ ಇಲ್ಲ. ಆದುದರಿಂದ ಬೀಗದ ಕೈ ಹಿಂದಿರುಗಿಸಬೇಕಾದದ್ದು ಎಷ್ಟು ಸರಿಯೋ, ಹಿಂದಿರುಗಿಸುವಾಗ ಕೈ ನಡುಗಿದ್ದೂ ಅಷ್ಟೇ ಸರಿ.

ಎರಡನೆಯ ಉತ್ತರ ಹೆಚ್ಚು ಕಷ್ಟದ್ದು. ಅದನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಖಾಲಾನ ನಲ್ಲಿಯಲ್ಲಿ ಬಂದ ನೀರು, ದೀಪದಲ್ಲಿ ಉರಿದ ಬೆಳಕು, ನನ್ನ ತಮ್ಮನಿಗೆ ಸಿಕ್ಕ ಶಾಲೆ, ಇವೆಲ್ಲದರ ಬೆಲೆಯಲ್ಲಿ ಒಂದು ಪಾಲನ್ನು ಭದ್ರೆಯ ಕೆಳಗಿನ ರೈತ ಕೊಟ್ಟಿದ್ದಾನೆ, ಇನ್ನೊಂದು ಪಾಲನ್ನು ಮಾತು ಬಾರದ ಕಾಡು ಕೊಟ್ಟಿದೆ. ಇದು ನಿಜ. ಆದರೆ ಈ ಸತ್ಯವನ್ನು ಹೇಳುವ ನಾನು ಎಲ್ಲಿ ನಿಂತಿದ್ದೇನೆ ಎಂದೂ ನೋಡಿಕೊಳ್ಳಬೇಕಲ್ಲ?

ಉಳ್ಳಾಲದಲ್ಲಿ ಕಡಲ್ಕೊರೆತ ಹೊಸದೇನಲ್ಲ. 1990ರ ದಶಕದಲ್ಲಿ ನೇತ್ರಾವತಿಯ ಅಳಿವೆ ಬಾಗಿಲಲ್ಲಿ ಕಲ್ಲಿನ ತಡೆಗೋಡೆಗಳು ಬಂದ ಮೇಲೆ ಅಲೆಗಳ ದಿಕ್ಕು ತಪ್ಪಿತು ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಕೋಟೆಪುರ, ಮೊಗವೀರಪಟ್ನ, ಕೈಕೋ, ಮುಕ್ಕಚ್ಚೇರಿ, ಸೋಮೇಶ್ವರ ಉಚ್ಚಿಲ, ಪ್ರತಿ ಮಳೆಗಾಲದಲ್ಲೂ ಇವುಗಳಲ್ಲಿ ಒಂದಲ್ಲ ಒಂದು ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. 1998ರ ಜೂನ್‌ನಲ್ಲಿ ನಮ್ಮ ನಾನಿಯ ಮನೆಯ ಅಡುಗೆಕೋಣೆ ಹೋಯಿತು, ಎರಡು ವರ್ಷದೊಳಗೆ ಉಳಿದದ್ದೂ ಹೋಯಿತು. ಉಳಿದ ಮನೆಗಳನ್ನು ಕಾಪಾಡಲು ಲಾರಿ ಲಾರಿ ಬಂಡೆಗಳನ್ನು ತಂದು ದಂಡೆಗೆ ಸುರಿದರು. 2010ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕಡಲೊಳಗೆ ದಿಬ್ಬಗಳನ್ನೂ ಕಟ್ಟಿದರು. ಆ ಬಂಡೆಗಳು ಎಲ್ಲಿಂದ ಬಂದವು? ಒಳನಾಡಿನ ಗುಡ್ಡಗಳನ್ನು ಸಿಡಿಸಿ ತಂದದ್ದು. ನಮ್ಮ ಮನೆಯನ್ನು ಉಳಿಸಲು ಇನ್ನೊಬ್ಬರ ಊರಿನ ಗುಡ್ಡ ಕರಗಿತು. ನಾನು ಈಗ ಇರುವ ಮನೆಯ ತಾರಸಿಯೊಳಗೆ ಕಬ್ಬಿಣದ ಸರಳಿದೆ, ಅದು ಯಾವ ಬೆಟ್ಟದ್ದು ಎಂದು ನಾನು ಕೇಳಲಿಲ್ಲ. ಕುದುರೆಮುಖದವರು ತಾವು ತಿನ್ನುತ್ತಿರುವ ಬೆಟ್ಟವನ್ನು ಕಿಟಕಿಯಿಂದ ನೋಡುತ್ತಿದ್ದರು. ನಮಗೆ ನಾವು ತಿನ್ನುವ ಬೆಟ್ಟ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ. ಕಾಣದಿರುವುದು ಪುಣ್ಯವೇನಲ್ಲ.

ಹಾಗೆಂದು 'ಎಲ್ಲರೂ ತಪ್ಪಿತಸ್ಥರು' ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಎಲ್ಲರೂ ತಪ್ಪಿತಸ್ಥರು ಎಂದರೆ ಯಾರೂ ತಪ್ಪಿತಸ್ಥರಲ್ಲ ಎಂದೇ ಅರ್ಥ. ಹೊಣೆಗೆ ಅಳತೆ ಇದೆ. ಎಲ್ಲಿ ಅಗೆಯಬೇಕು, ಎಷ್ಟು ವರ್ಷ ಅಗೆಯಬೇಕು ಎಂದು ತೀರ್ಮಾನಿಸಿದವರ ಹೊಣೆ ದೊಡ್ಡದು. ಲಾಭದ ಲೆಕ್ಕ ಬರೆದವರದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಡಂಪರಿನ ಬ್ರೇಕು ಸರಿ ಮಾಡಿದವನದ್ದು ಇನ್ನೂ ಕಡಿಮೆ. ಅವನ ಹೆಂಡತಿಯದ್ದು ಮತ್ತೂ ಕಡಿಮೆ. ಆದರೆ ಯಾರದ್ದೂ ಸೊನ್ನೆಯಲ್ಲ. ಖಾಲೂ 'ತೀರ್ಪು ತಪ್ಪಲ್ಲ' ಎಂದಾಗ ತಮ್ಮ ಪಾಲಿನ ಆ ಸಣ್ಣ ಅಳತೆಯನ್ನು ಒಪ್ಪಿಕೊಂಡರು ಎಂದು ನನಗನಿಸುತ್ತದೆ. ದೊಡ್ಡ ಅಳತೆಯವರಲ್ಲಿ ಹಾಗೆ ಒಪ್ಪಿಕೊಂಡವರು ಎಷ್ಟು ಮಂದಿ?

ಈ ಲೆಕ್ಕದಲ್ಲಿ ಸೇರಿಸದೆ ಬಿಡಬಾರದ ಇನ್ನೊಂದು ಮನೆಯಿದೆ. ಕುದುರೆಮುಖದ ಕಾಡಿನೊಳಗೆ ಮಲೆಕುಡಿಯರ ಮನೆಗಳಿವೆ, ಸಣ್ಣ ಹಿಡುವಳಿದಾರರ ಮನೆಗಳಿವೆ. ಗಣಿ ಬರುವ ಮೊದಲೂ ಅವು ಇದ್ದವು. ಅವರಲ್ಲಿ ಅನೇಕರ ಬಳಿ ಕಾಗದವಿರಲಿಲ್ಲ. ಗಣಿಯ ವಿರುದ್ಧ ಹೇಳಿದ 'ಕಾಡು ಉಳಿಯಬೇಕು' ಎಂಬ ಅದೇ ಮಾತು ಅವರ ಕಡೆಗೂ ತಿರುಗಿತು. ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಆ ವರ್ಷಗಳಲ್ಲಿ ಕಾಡಿನ ಊರೂರಿಗೆ ಹಬ್ಬಿತು. ಆ ಬೇಗುದಿಯ ನಡುವೆಯೇ ನಕ್ಸಲ್ ಚಟುವಟಿಕೆ ಬೇರುಬಿಟ್ಟಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. ತಲೆತಲಾಂತರದಿಂದ ಕಾಡಿನಲ್ಲಿ ಬದುಕಿದವರ ಹಕ್ಕನ್ನು ಒಪ್ಪಿಕೊಳ್ಳುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಬೆಟ್ಟಗಳನ್ನೇ ಅಗೆದ ಕೈಗಳನ್ನೂ, ಬೆಟ್ಟದ ಬುಡದಲ್ಲಿ ಜೇನು ತೆಗೆದು ಬದುಕಿದ ಕೈಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಕ್ವಾರ್ಟರ್ಸಿನ ಮನೆಗೆ ಕಾಗದವಿತ್ತು, ಅವಧಿಯೂ ಇತ್ತು. ಮಲೆಕುಡಿಯನ ಮನೆಗೆ ಕಾಗದವಿರಲಿಲ್ಲ, ಅವಧಿಯೂ ಇರಲಿಲ್ಲ. ನಮ್ಮ ನಾನಿಯ ಮನೆಗೆ ಕಾಗದವಿತ್ತು, ಆದರೆ ಕಡಲಿಗೆ ಓದು ಬರುತ್ತಿರಲಿಲ್ಲ. ಮನೆಯ ಹಕ್ಕನ್ನು ಕಾಗದದಿಂದ ಮಾತ್ರ ಅಳೆಯಲಾಗದು ಎಂಬುದಕ್ಕೆ ಈ ಮೂರಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಯಾವುದರಿಂದ ಅಳೆಯಬೇಕು? ನನಗೆ ತೋಚುವುದು ಖಾಲಾನ ಪಾತ್ರೆಯ ಕಾನೂನೇ. ಭೂಮಿಯ ಮೇಲಿನ ಎಲ್ಲ ಮನೆಗಳೂ ಒಂದಲ್ಲ ಒಂದು ಬಗೆಯ ಕೈಗಡ. ಅಮಾನತ್ ಎಂಬ ಮಾತನ್ನು ನಾವು ಮದರಸದ ಮೆಟ್ಟಿಲಿನಿಂದಲೇ ಕೇಳುತ್ತಾ ಬಂದಿದ್ದೇವೆ. ಇನ್ನೊಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟದ್ದು ಎಂದು ಅದರ ಅರ್ಥ. ಕೈಗಡಕ್ಕೆ ಎರಡು ಕಡೆಯಿದೆ. ತೆಗೆದುಕೊಂಡವನಿಗೆ ಕರ್ತವ್ಯವಿರುವಂತೆ ಕೊಟ್ಟವನಿಗೂ ಕರ್ತವ್ಯವಿದೆ. ಕೊಟ್ಟ ಪಾತ್ರೆಯನ್ನು ಒಲೆಯ ಮೇಲಿಂದ, ಅನ್ನ ಅರ್ಧ ಬೆಂದಿರುವಾಗ ಯಾರೂ ಕಸಿದುಕೊಂಡು ಹೋಗುವುದಿಲ್ಲ. ತೆಗೆದುಕೊಂಡವರೂ ತಳ ಸೀದ ಪಾತ್ರೆಯನ್ನು ಹಾಗೆಯೇ ಹೊಸ್ತಿಲ ಮೇಲೆ ಇಟ್ಟು ಬರುವುದಿಲ್ಲ.

ಗಣಿಯ ಊರುಗಳಿಗೆ ಅಂತ್ಯವಿದೆ ಎಂಬುದು ಮೊದಲ ದಿನವೇ ಗೊತ್ತಿರುವ ಸಂಗತಿ. ಅದಿರು ಬೆಳೆಯಂತೆ ಮತ್ತೆ ಬೆಳೆಯುವುದಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನೂರಕ್ಕೂ ಹೆಚ್ಚು ವರ್ಷ, ತಲೆಮಾರುಗಳ ಮೇಲೆ ತಲೆಮಾರು ಆ ಸಾಲುಮನೆಗಳಲ್ಲಿ ಬದುಕಿತ್ತು. ಗಣಿ ಹೋದರೂ ಜನ ಅಲ್ಲಿಯೇ ಉಳಿದು, ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವಂತಾಯಿತು. ಜಪಾನಿನ ಹಾಶಿಮಾ ದ್ವೀಪದ ಕಲ್ಲಿದ್ದಲು ಗಣಿ 1974ರ ಜನವರಿಯಲ್ಲಿ ಮುಚ್ಚಿ, ಏಪ್ರಿಲ್ ಹೊತ್ತಿಗೆ ಇಡೀ ದ್ವೀಪ ಖಾಲಿಯಾಯಿತು. ಬಹುಮಹಡಿ ಕಟ್ಟಡಗಳು ಈಗಲೂ ಸಮುದ್ರದ ನಡುವೆ ಕಿಟಕಿಗಳಿಲ್ಲದೆ ನಿಂತಿವೆ. ಒಂದು ಕಡೆ ಜನ ಉಳಿದರು, ಕೆಲಸ ಹೋಯಿತು. ಇನ್ನೊಂದು ಕಡೆ ಮನೆ ಉಳಿಯಿತು, ಜನ ಹೋದರು. ಎರಡು ಕಡೆಯೂ ಊರು ಕಟ್ಟುವಾಗ ನಕ್ಷೆ ಇತ್ತು, ಊರು ಮುಗಿಯುವಾಗ ಏನು ಮಾಡಬೇಕೆಂಬುದಕ್ಕೆ ನಕ್ಷೆ ಇರಲಿಲ್ಲ. ನಾವು ಹುಟ್ಟಿಗೆ ತೊಟ್ಟಿಲನ್ನೂ ಸಾವಿಗೆ ಕಫನನ್ನೂ ಸಿದ್ಧಮಾಡಿಕೊಳ್ಳುವ ಜನ. ಊರು ಹುಟ್ಟುವಾಗ ಶಿಲಾನ್ಯಾಸ ಮಾಡುತ್ತೇವೆ, ಫಲಕ ಹಾಕುತ್ತೇವೆ. ಆದರೆ ಊರು ಸಾಯುವಾಗ ಅದರ ಮಯ್ಯತ್ತಿಗೆ ಹೆಗಲು ಕೊಡುವವರು ಯಾರು?

ಊರು ಮುಚ್ಚಬೇಕಾದ ಸಂದರ್ಭ ಬರಬಹುದು. ಕುದುರೆಮುಖದಲ್ಲಿ ಬಂತು, ಮುಚ್ಚಿದ್ದು ಸರಿ ಎಂದೇ ನಾನು ಭಾವಿಸುತ್ತೇನೆ. 2012ರಲ್ಲಿ ಪಶ್ಚಿಮ ಘಟ್ಟದ ಕೆಲವು ತಾಣಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಲೋಕವೇ ಬೆಲೆ ಕಟ್ಟಿದ ಕಾಡು ಅದು. ಆದರೆ ಒಂದು ನಿರ್ಧಾರ ಸರಿಯಾಗಿದೆ ಎಂದ ಮಾತ್ರಕ್ಕೆ ಅದರಿಂದಾದ ನೋವು ಸುಳ್ಳಾಗುವುದಿಲ್ಲ. ನೋವು ನಿಜವೆಂದ ಮಾತ್ರಕ್ಕೆ ನಿರ್ಧಾರ ತಪ್ಪಾಗುವುದೂ ಇಲ್ಲ. ನಮ್ಮ ಕಾಲದ ವಾದವಿವಾದಗಳಲ್ಲಿ ಇದೇ ದೊಡ್ಡ ಕೊರತೆ. ಕಾಡಿನ ಪರ ನಿಂತವರು ಕಾರ್ಮಿಕನ ಕಣ್ಣೀರನ್ನು ಕಂಪೆನಿಯ ವಾದವೆಂದು ತಿಳಿಯುತ್ತಾರೆ. ಕಾರ್ಮಿಕನ ಪರ ನಿಂತವರು ಕಾಡಿನ ಮಾತನ್ನು ಹೊಟ್ಟೆ ತುಂಬಿದವರ ಹವ್ಯಾಸವೆಂದು ತಿಳಿಯುತ್ತಾರೆ. ಖಾಲಾ, ಖಾಲೂ ಇಬ್ಬರೂ ಒಂದೇ ಮನೆಯಲ್ಲಿ ಇರಬಲ್ಲರು ಎಂಬುದನ್ನು ನಾವು ಮರೆಯುತ್ತೇವೆ.

ಖಾಲಾ ಬೆಟ್ಟ ಇಳಿದು ಬಂದಾಗ ಅವರಿಗೆ ಹೋಗಲು ತವರುಮನೆ ಇರಲಿಲ್ಲ, ಅದನ್ನು ಕಡಲು ಕೊಂಡೊಯ್ದಿತ್ತು. ಸ್ವಯಂ ನಿವೃತ್ತಿಯ ಹಣದಲ್ಲಿ ತೊಕ್ಕೊಟ್ಟಿನ ಕಡೆ ಒಂದು ಸಣ್ಣ ಮನೆ ಮಾಡಿಕೊಂಡರು. ಸ್ವಂತ ಹೆಸರಿನ ಮೊದಲ ಮನೆ. ಅದರ ಕಾಗದದಲ್ಲಿ ಖಾಲಾನ ಹೆಸರೂ ಇರಲಿ ಎಂದು ಹಠ ಹಿಡಿದದ್ದು ಖಾಲೂ. ಖಾಲೂ ತೀರಿಹೋಗಿ ಕೆಲವು ವರ್ಷಗಳಾದವು. ಕೊನೆಯ ದಿನಗಳಲ್ಲಿ ಅವರು ಕನಸಿನಲ್ಲಿ ಒಮ್ಮೆ ಭದ್ರೆಯನ್ನು, ಒಮ್ಮೆ ಡಂಪರುಗಳನ್ನು ಕಾಣುತ್ತಿದ್ದರಂತೆ.

ಇತ್ತೀಚೆಗೆ ತಮ್ಮ ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾಗ ಅವನೊಂದಿಗೆ ಖಾಲಾನನ್ನು ಕರೆದುಕೊಂಡು ಕುದುರೆಮುಖಕ್ಕೆ ಹೋಗಿದ್ದೆವು. ಊರಿನ ಬಹುಭಾಗ ಖಾಲಿ. ಅವರ ಸಾಲಿನ ಮನೆಗಳ ಬಾಗಿಲುಗಳಿಲ್ಲ, ಕಿಟಕಿಗಳಿಲ್ಲ. ಸೂರಿನ ಮೇಲೆ ಗಿಡ ಬೆಳೆದಿದೆ. ಕಾಡು ತನ್ನದನ್ನು ತಾನು ನಿಧಾನವಾಗಿ ಹಿಂದಕ್ಕೆ ಪಡೆಯುತ್ತಿದೆ. ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋಗಿ, ತೆಗೆಯದೆ ಜೇಬಿಗೆ ಹಾಕಿದ. "ಆಪಾ, ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಕುದುರೆಮುಖ ಅಂತ ಇದೆ. ದುಬೈಯಲ್ಲಿ ಯಾರಾದರೂ ನಿನ್ನ ಊರು ಎಲ್ಲಿ ಎಂದರೆ ಮುಚ್ಚಿಹೋಗಿದೆ ಅನ್ನುತ್ತೇನೆ. ಅಂಗಡಿ ಮುಚ್ಚಿದ ಹಾಗೆ" ಎಂದ. ನಗಲು ನೋಡಿದ, ಆಗಲಿಲ್ಲ.

ಖಾಲಾ ಅಡುಗೆಮನೆಯಿದ್ದ ಜಾಗಕ್ಕೆ ಹೋಗಿ ನಿಂತರು. ತಾವು ಅಂದು ತಿಕ್ಕಿದ ನೆಲ ಈಗ ಪಾಚಿ, ಒದ್ದೆ ಎಲೆಗಳಿಂದ ಮುಚ್ಚಿತ್ತು. ಮೂಲೆಯಲ್ಲಿ ಯಾವುದೋ ಕಾಡುಮರದ ಸಸಿಯೊಂದು ಸಿಮೆಂಟು ಬಿರಿದು ಎದ್ದಿತ್ತು. ನಾನು ಅವರ ಮುಖ ನೋಡಿದೆ, ಅಳುತ್ತಾರೆಂದುಕೊಂಡೆ. ಅವರು ಸಸಿಯ ಮೇಲೆ ಬಿದ್ದಿದ್ದ ಹಂಚಿನ ಚೂರೊಂದನ್ನು ಬಗ್ಗಿ ತೆಗೆದು ಪಕ್ಕಕ್ಕಿಟ್ಟರು.

ಹಿಂದಿರುಗುವಾಗ ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಮಾಳ ಘಾಟಿ ಇಳಿಯುವಾಗ ಖಾಲಾ ಇದ್ದಕ್ಕಿದ್ದಂತೆ ಹೇಳಿದರು: "ಅವತ್ತು ತೊಳೆದು ಕೊಟ್ಟೆ ನಿಜ. ಆದರೆ ಖಾಲಿ ಕೊಟ್ಟೆ ಬೇಟಿ. ಏನಾದರೂ ನೆಟ್ಟು ಬರಬೇಕಿತ್ತು."

ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತು ಹೇಳಬೇಕಾದವರು ಅವರೊಬ್ಬರೇ ಆಗಿರಲಿಲ್ಲ.